ಹೊಸ ಕೋರ್ಸ್, ಬದಲಾದ ಪಠ್ಯಕ್ರಮ: ಅನುಮೋದನೆಯ ಕಡತ ಯಾವ ತಿಂಗಳಲ್ಲಿ ಎಲ್ಲಿರಬೇಕು?

ಪ್ರವೇಶದ ಗಡಿಬಿಡಿ ಶುರುವಾದ ಮೇಲೆ ಪಠ್ಯಕ್ರಮದ ಕಡತ ಹಿಡಿದು ಧಾರವಾಡದ ಪಾವಟೆ ನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓಡುವ ವಿಭಾಗಗಳು ಪ್ರತಿ ವರ್ಷವೂ ಇರುತ್ತವೆ. ಅಷ್ಟೊತ್ತಿಗೆ ಕಾಲ ಮಿಂಚಿರುತ್ತದೆ. ಪಠ್ಯಕ್ರಮಕ್ಕೆ ಒಪ್ಪಿಗೆ ಕೊಡುವ ವಿದ್ಯಾವಿಷಯಕ ಪರಿಷತ್ತಿನ ಸಭೆಯ ದಿನವನ್ನೇ ಕೊನೆಯ ದಿನ ಎಂದುಕೊಳ್ಳುವುದರಿಂದ ಹೀಗಾಗುತ್ತದೆ. ನಿಜವಾದ ಕೊನೆಯ ದಿನ ಆ ಸಭೆಯ ಕಾರ್ಯಸೂಚಿ ಮುಚ್ಚುವ ದಿನ. ಅದಕ್ಕೂ ಮೊದಲು ಆಯಾ ವಿಷಯದ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿ, ಅಂದರೆ ಬಿಓಎಸ್, ಸೇರಿ ಅದರ ನಡಾವಳಿಗೆ ಸಹಿ ಬಿದ್ದಿರಬೇಕು. ಪರಿಷತ್ತಿನ ತಾರೀಕು ಗೊತ್ತಾದ ಮೇಲೆ ಬಿಓಎಸ್ ಕರೆಯಲು ಹೊರಟರೆ ಆ ವರ್ಷ ಕೈತಪ್ಪಿತೆಂದೇ ತಿಳಿಯಿರಿ.

ಮೊದಲು ನಿಮ್ಮ ಕಾಲೇಜು ಏನು ಮಾಡಬಹುದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಂಯೋಜಿತ ಕಾಲೇಜಿಗೆ ಪಠ್ಯಕ್ರಮ ಬದಲಿಸುವ ಅಧಿಕಾರವಿಲ್ಲ. ವಿಶ್ವವಿದ್ಯಾಲಯದ ಬಿಓಎಸ್ ಅಧ್ಯಕ್ಷರಿಗೆ ಬರವಣಿಗೆಯಲ್ಲಿ ಸಲಹೆ ಕಳಿಸಬಹುದು, ಅಷ್ಟೇ. ಆದರೆ ಈಗಾಗಲೇ ಇರುವ ಕೋರ್ಸನ್ನು ತನ್ನಲ್ಲಿ ಹೊಸದಾಗಿ ತೆರೆಯಲು ಸಂಯೋಜನೆಗೆ ಅರ್ಜಿ ಹಾಕಬೇಕು. ಸ್ಥಾನಿಕ ವಿಚಾರಣಾ ಸಮಿತಿ ಬಂದು ಕೊಠಡಿ, ಗ್ರಂಥಾಲಯ, ಸಿಬ್ಬಂದಿ ನೋಡಿ ಹೋಗುತ್ತದೆ. ಹುಬ್ಬಳ್ಳಿಯ ಪಿ.ಸಿ. ಜಾಬಿನ್ ವಿಜ್ಞಾನ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ಬಿಓಎಸ್, ತಮ್ಮದೇ ಪರಿಷತ್ತು ಇರುತ್ತದೆ; ಅವರ ದಾರಿ ಚಿಕ್ಕದು. ಕಡತ ಯಾವ ಊರಿಗೆ ಹೋಗಬೇಕೆಂಬುದೂ ಕೋರ್ಸಿನ ಮೇಲೆ ನಿಂತಿದೆ. ಕಾನೂನು ಕಾಲೇಜಾದರೆ ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು).

ಬದಲಾವಣೆ ಯಾವ ಬಗೆಯದು?

ಅವಧಿಯನ್ನು ನಿರ್ಧರಿಸುವುದು ಇದೇ. ಪರಾಮರ್ಶನ ಗ್ರಂಥಗಳ ಪಟ್ಟಿ ಹೊಸದು ಮಾಡುವುದು, ಒಂದು ಘಟಕದೊಳಗೆ ಹಳತನ್ನು ತೆಗೆದು ಹೊಸತನ್ನು ಸೇರಿಸುವುದು ಸಣ್ಣ ಬದಲಾವಣೆ. ಬಿಓಎಸ್‌ನಲ್ಲಿ ಒಪ್ಪಿಗೆಯಾದರೆ ಮುಂದೆ ತಡೆ ಕಡಿಮೆ. ನಾಲ್ಕೈದು ತಿಂಗಳು ಮೊದಲು ಹಿಡಿದರೆ ಸಾಕು.

ಪತ್ರಿಕೆಯ ಹೆಸರು, ಕ್ರೆಡಿಟ್, ಅಂಕ ಹಂಚಿಕೆ, ಸೆಮಿಸ್ಟರ್ ಇವುಗಳಲ್ಲಿ ಒಂದನ್ನು ಮುಟ್ಟಿದರೂ ಅದು ದೊಡ್ಡ ಬದಲಾವಣೆ. ಹೊಸ ಪತ್ರಿಕೆ ಸೇರಿಸುವಷ್ಟೇ ಕೆಲಸ ಇದಕ್ಕೂ ಇದೆ. ಎಂಟು ತಿಂಗಳು ಬೇಕು. ಪ್ರವೇಶದ ಅರ್ಹತೆ, ಕೋರ್ಸಿನ ಅವಧಿ, ಪಾಸಾಗುವ ಅಂಕ, ಪದವಿಗೆ ಬೇಕಾದ ಒಟ್ಟು ಕ್ರೆಡಿಟ್ ಬದಲಾದರೆ ಅದು ಪಠ್ಯಕ್ರಮದ ಮಾತಲ್ಲ, ನಿಯಮಾವಳಿಯ ತಿದ್ದುಪಡಿ. ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ 44(1)(ಸಿ) ಕಲಂನಡಿ ರೂಪಿಸುವ ನಿಯಮಾವಳಿ ಅದು. ಪಠ್ಯಕ್ರಮದ ಕಡತದೊಳಗೆ ಇಂಥ ತಿದ್ದುಪಡಿಯನ್ನು ಸೇರಿಸಿ ಕಳಿಸಿದರೆ ಇಡೀ ಕಡತ ನಿಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಕಡತ ಮಾಡಿ.

ಹೊಸ ಪದವಿಯೇ ಆದರೆ ಒಂದೂವರೆ ವರ್ಷ ಮೊದಲೇ ಶುರುಮಾಡಿ. ಪದವಿಯ ಹೆಸರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕಾಯ್ದೆಯ 22ನೇ ಕಲಂ ಪ್ರಕಾರ ನಿರ್ದಿಷ್ಟಪಡಿಸಿದ ಪಟ್ಟಿಯಲ್ಲಿದೆಯೇ ಎಂದು ಮೊದಲ ದಿನವೇ ನೋಡಿ. ಬಿಬಿಎ, ಬಿಸಿಎಗಳಿಗೆ 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಅನುಮೋದನೆಯೂ ಬೇಕು. ಬಿ.ಎಡ್.ಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ), ಕಾನೂನಿಗೆ ಬಾರ್ ಕೌನ್ಸಿಲ್. ಇವರ ಕ್ಯಾಲೆಂಡರು ನಿಮ್ಮ ವಿಶ್ವವಿದ್ಯಾಲಯದ ಕ್ಯಾಲೆಂಡರಿಗಾಗಿ ಕಾಯುವುದಿಲ್ಲ.

ಹಿಂದಕ್ಕೆ ಎಣಿಸಿ

ಆಗಸ್ಟ್‌ನಲ್ಲಿ ತರಗತಿ ಎಂದು ಹಿಡಿಯೋಣ. ಜುಲೈಯೊಳಗೆ ಪತ್ರಿಕೆಯ ಕೋಡ್, ಕ್ರೆಡಿಟ್, ಅಂಕ ಎಲ್ಲವೂ ಯುಯುಸಿಎಂಎಸ್‌ನಲ್ಲಿ, ಅಂದರೆ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆಯಲ್ಲಿ, ಕುಳಿತಿರಬೇಕು. ಅದಕ್ಕೆ ಜೂನ್‌ನಲ್ಲಿ ಅಧಿಸೂಚನೆ ಹೊರಡಬೇಕು, ಮೇನಲ್ಲಿ ಪರಿಷತ್ತು ಒಪ್ಪಬೇಕು. ಕಾರ್ಯಸೂಚಿಗೆ ಸೇರಲು ಕಡತ ಏಪ್ರಿಲ್ ಮೊದಲ ವಾರದಲ್ಲೇ ಶೈಕ್ಷಣಿಕ ವಿಭಾಗದ ಮೇಜಿನ ಮೇಲಿರಬೇಕು. ನಿಕಾಯದ (ಕಲಾ, ವಿಜ್ಞಾನ, ವಾಣಿಜ್ಯದಂಥ ಫ್ಯಾಕಲ್ಟಿಯ) ಸಭೆ ಮಾರ್ಚ್, ಬಿಓಎಸ್ ಫೆಬ್ರವರಿ. ಕರಡು ಡಿಸೆಂಬರ್ ಕೊನೆಗೆ ಸಿದ್ಧ. ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಬೇರೆ ತಾರೀಕಿದ್ದರೆ ಅದೇ ಅಂತಿಮ. ಸುತ್ತೋಲೆ ಇನ್ನೂ ಬಂದಿಲ್ಲವೆಂದು ಕೈಕಟ್ಟಿ ಕೂರಬೇಡಿ.

ಸ್ವಾಯತ್ತ ಕಾಲೇಜಿನವರು ಇದರಲ್ಲಿ ಒಂದೆರಡು ತಿಂಗಳು ಉಳಿಸಬಹುದು. ಪರಿಷತ್ತು ವರ್ಷಕ್ಕೆ ಕನಿಷ್ಠ ಎರಡು ಸಲ ಸೇರಲೇಬೇಕು. ಆದರೆ ಬಿಓಎಸ್ ರಚನೆಯನ್ನು ಮೊದಲೇ ಪರೀಕ್ಷಿಸಿ. ಕುಲಪತಿಗಳು ನಾಮನಿರ್ದೇಶನ ಮಾಡುವ ತಜ್ಞರಿಗಾಗಿ ಪ್ರಾಂಶುಪಾಲರು ಆರು ಹೆಸರಿನ ಪಟ್ಟಿ ಕಳಿಸಬೇಕು. ಜೊತೆಗೆ ಹೊರಗಿನ ವಿಶ್ವವಿದ್ಯಾಲಯದ ಇಬ್ಬರು ತಜ್ಞರು, ಉದ್ಯಮದಿಂದ ಒಬ್ಬರು, ಹಳೆ ವಿದ್ಯಾರ್ಥಿ ಒಬ್ಬರು. ನಾಮನಿರ್ದೇಶಿತರ ಅವಧಿ 3 ವರ್ಷ. ಜನವರಿಯಲ್ಲಿ ಅವಧಿ ಮುಗಿಯುವ ಮಂಡಳಿ ಇಟ್ಟುಕೊಂಡು ಫೆಬ್ರವರಿಯಲ್ಲಿ ಸಭೆ ಕರೆದರೆ ಆ ನಿರ್ಣಯಕ್ಕೆ ಬೆಲೆಯಿಲ್ಲ.

ಭಾಷಾ ವಿಭಾಗಗಳಿಗೆ ಇನ್ನೂ ಮೂರು ತಿಂಗಳು ಹೆಚ್ಚು ಬೇಕು. ಪಠ್ಯ ಸಂಕಲನವಾಗಬೇಕು, ಬದುಕಿರುವ ಲೇಖಕರ ಅಥವಾ ವಾರಸುದಾರರ ಒಪ್ಪಿಗೆ ಪತ್ರ ಬರಬೇಕು, ಪುಸ್ತಕ ಅಚ್ಚಾಗಬೇಕು. ಪಠ್ಯಕ್ರಮ ಸಕಾಲಕ್ಕೆ ಅನುಮೋದನೆಯಾಗಿಯೂ ಅಕ್ಟೋಬರ್‌ವರೆಗೆ ಮಕ್ಕಳು ಝೆರಾಕ್ಸ್ ಹಾಳೆ ಹಿಡಿದು ಓದುವುದು ಇದೊಂದನ್ನು ಲೆಕ್ಕಕ್ಕೆ ಹಿಡಿಯದ್ದರಿಂದ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಕ್ಕಳ ಹೆಗಲಿಗೆ ನಮ್ಮ ತಡದ ಹೊರೆ ಹಾಕುವುದು ನ್ಯಾಯವಲ್ಲ.

ಕಡತ ವಾಪಸ್ ಬರುವುದು ಎಲ್ಲಿಂದ

ಹೆಚ್ಚಿನ ಕಡತಗಳು ವಾಪಸ್ ಬರುವುದು ಗಂಟೆಗಳ ಲೆಕ್ಕದಿಂದ. ಹಾವೇರಿ ಕಡೆಯ ಸ್ವಾಯತ್ತ ಕಾಲೇಜಿನ ವಾಣಿಜ್ಯ ವಿಭಾಗವೊಂದು ‘ಕೃಷಿ ಮಾರುಕಟ್ಟೆ ವಹಿವಾಟು’ ಎಂಬ 3 ಕ್ರೆಡಿಟ್ ಐಚ್ಛಿಕ ಪತ್ರಿಕೆ ಮಾಡುತ್ತಿದೆ ಎಂದುಕೊಳ್ಳಿ. ತರಗತಿ ಪಾಠಕ್ಕೆ 1 ಕ್ರೆಡಿಟ್ ಅಂದರೆ 15 ಗಂಟೆ. ಹೀಗಾಗಿ 45 ಗಂಟೆ. ನಾಲ್ಕು ಘಟಕಕ್ಕೆ 12, 12, 11, 10. ಇಲ್ಲಿಯವರೆಗೆ ಸರಿ. ಈಗ ಯಾರೋ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಆವಕ, ಟೆಂಡರು, ತೂಕ, ಪಾವತಿ ನೋಡಿ ವರದಿ ಬರೆಯುವ ಪ್ರಾಯೋಗಿಕ ಭಾಗ ಸೇರಿಸಿದರು. ಒಳ್ಳೆಯ ವಿಚಾರ. ಆದರೆ ಪ್ರಾಯೋಗಿಕಕ್ಕೆ 1 ಕ್ರೆಡಿಟ್ ಅಂದರೆ 30 ಗಂಟೆ. ಪತ್ರಿಕೆ 2+1 ಆದಾಗ 30 ಗಂಟೆ ಪಾಠ, 30 ಗಂಟೆ ಪ್ರಾಯೋಗಿಕ, ಒಟ್ಟು 60. ಮುಖಪುಟದಲ್ಲಿ ಹಳೆಯ 45 ಹಾಗೇ ಉಳಿದಿರುತ್ತದೆ. ವಾರಕ್ಕೆ 3 ಗಂಟೆ ಇದ್ದ ಕೆಲಸ 4 ಆಗುತ್ತದೆ, ವೇಳಾಪಟ್ಟಿ ಬದಲಾಗುತ್ತದೆ, ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕರ ಪಟ್ಟಿಯೂ ಬೇಕಾಗುತ್ತದೆ. ಮುಖಪುಟ, ಯೋಜನಾ ಕೋಷ್ಟಕ, ಘಟಕಗಳು, ಪ್ರಶ್ನೆಪತ್ರಿಕೆಯ ಮಾದರಿ ಈ ನಾಲ್ಕು ಜಾಗದಲ್ಲೂ ಒಂದೇ ಸಂಖ್ಯೆ ಇದೆಯೇ ಎಂದು ಕರಡು ಬರೆಯದ ಇನ್ನೊಬ್ಬರಿಂದ ಓದಿಸಿ.

ಎರಡನೆಯದು ಕಾರ್ಯಭಾರ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಎಂಬುದು ಯುಜಿಸಿ ಲೆಕ್ಕ. ಪತ್ರಿಕೆಯೊಂದನ್ನು ತೆಗೆದರೆ ಯಾರದೋ ಗಂಟೆ ಕಡಿಮೆಯಾಗುತ್ತದೆ. ಅತಿಥಿ ಉಪನ್ಯಾಸಕರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಬಿಓಎಸ್ ಸಭೆಗಳು ಮುಂದಕ್ಕೆ ಹೋಗುವುದು ಪಾಠದ ವಿಷಯಕ್ಕಿಂತ ಇದಕ್ಕೇ ಹೆಚ್ಚು. ಹಳೆಯ, ಹೊಸ ಕಾರ್ಯಭಾರದ ಒಂದು ಪುಟದ ಹೋಲಿಕೆಯನ್ನು ಕರಡಿನ ಜೊತೆಗೇ ಹಂಚಿ, ಸಭೆಗೆ ಮೊದಲೇ ಎಲ್ಲರ ಜೊತೆ ಮಾತಾಡಿ.

ಅನ್ವಯದ ಸಾಲು ಬರೆಯುವುದನ್ನು ಮರೆಯಬೇಡಿ: ‘ಇಂಥ ಶೈಕ್ಷಣಿಕ ವರ್ಷದಲ್ಲಿ ಮೊದಲ ಸೆಮಿಸ್ಟರ್‌ಗೆ ಪ್ರವೇಶ ಪಡೆದವರಿಗೆ ಅನ್ವಯ.’ ಈ ಸಾಲಿಲ್ಲದಿದ್ದರೆ ಹಳೆಯ ಪತ್ರಿಕೆಯನ್ನು ಪಾಸಾಗದೆ ಉಳಿಸಿಕೊಂಡ ವಿದ್ಯಾರ್ಥಿಗೆ ಯಾವ ಪ್ರಶ್ನೆಪತ್ರಿಕೆ ಕೊಡಬೇಕೆಂದು ಪರೀಕ್ಷಾ ವಿಭಾಗಕ್ಕೆ ತಿಳಿಯುವುದಿಲ್ಲ. ಹಳೆಯದಕ್ಕೆ ಹೊಸದರಲ್ಲಿ ಯಾವುದು ಸಮ ಎಂಬ ಕೋಷ್ಟಕ ಲಗತ್ತಿಸಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದು, 2024-25ಕ್ಕೆ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿದ ಮೇಲೆ ಒಂದೇ ಕಾಲೇಜಿನಲ್ಲಿ ಎರಡು ಬಗೆಯ ಪಠ್ಯಕ್ರಮ ಒಟ್ಟಿಗೆ ನಡೆದಿವೆ. ಈ ಕೋಷ್ಟಕ ಇಲ್ಲದೆ ಈಗ ಕೆಲಸವೇ ಸಾಗದು. ವಿಷಯ ಬಹುಪಾಲು ಬದಲಾಗಿದ್ದರೆ ಹೊಸ ಕೋಡ್ ಕೇಳಿ. ಹಳೆಯ ಕೋಡ್‌ಗೆ ಹೊಸ ಹೆಸರು ಅಂಟಿಸಿದರೆ ಅಂಕಪಟ್ಟಿಯಲ್ಲಿ ಗೋಜಲಾಗುತ್ತದೆ.

ಕನ್ನಡದಲ್ಲಿರುವ ಪಠ್ಯಕ್ರಮವನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯುನಿಕೋಡ್‌ಗೆ ಬದಲಿಸಿಯೇ ಕೊಡಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಂದೊಂದಾಗಿ ನೋಡಿ. ತಪ್ಪು ನುಸುಳುವುದು ಅಲ್ಲೇ.

ಸಮಯ ಮೀರಿತು ಎಂದಾಗ

ಪರಿಷತ್ತಿನ ಪರವಾಗಿ ಕುಲಪತಿಗಳು ಅನುಮೋದಿಸಿ, ಮುಂದಿನ ಸಭೆಯಲ್ಲಿ ಸ್ಥಿರೀಕರಣ ಪಡೆಯುವ ದಾರಿಯೊಂದಿದೆ. ಮೇಲಿನ ಸಂಸ್ಥೆಯ ಆದೇಶದಿಂದ ಬದಲಾವಣೆ ಅನಿವಾರ್ಯವಾದಾಗ ಮಾತ್ರ ಅದನ್ನು ಕೇಳಿ, ತುರ್ತಿನ ಕಾರಣವನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ನಮ್ಮ ಕರಡು ತಡವಾಯಿತೆಂಬುದು ತುರ್ತಲ್ಲ. ಉಳಿದ ಸಂದರ್ಭದಲ್ಲಿ ಒಂದು ವರ್ಷ ಮುಂದೂಡಿ ಹಳೆಯ ಪಠ್ಯಕ್ರಮವನ್ನೇ ಚೆನ್ನಾಗಿ ಪಾಠ ಮಾಡುವುದು ಮೇಲು. ಸೆಮಿಸ್ಟರ್ ಶುರುವಾದ ಮೇಲೆ ಪತ್ರಿಕೆ ಬದಲಾದರೆ ಕಷ್ಟ ಅನುಭವಿಸುವವರು ವಿದ್ಯಾರ್ಥಿಗಳು.

ಒಪ್ಪಿಗೆ ಸಿಕ್ಕ ಮೇಲೆ ನಡಾವಳಿಯ ದೃಢೀಕೃತ ಪ್ರತಿ, ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಅಂತಿಮ ಪಠ್ಯಕ್ರಮ ಮೂರನ್ನೂ ಒಂದೇ ಕಡೆ ಇಡಿ. ಯುಯುಸಿಎಂಎಸ್‌ನಲ್ಲಿ ನಮೂದಾದದ್ದನ್ನು ಅಧಿಸೂಚನೆಯ ಜೊತೆ ಸಾಲುಸಾಲಾಗಿ ತಾಳೆ ನೋಡಿ, ತಪ್ಪಿದ್ದರೆ ವಿದ್ಯಾರ್ಥಿಗಳ ವಿಷಯ ನೋಂದಣಿ ಶುರುವಾಗುವ ಮೊದಲೇ ಪತ್ರ ಬರೆದು ತಿದ್ದಿಸಿ, ಪತ್ರಕ್ಕೆ ಸ್ವೀಕೃತಿ ಪಡೆದುಕೊಳ್ಳಿ.