ಟಿವಿಯಲ್ಲಿ ಕಂಡ ಬೇಬ್ಲೇಡ್ ಕೊಡಿಸುವ ಮುನ್ನ

ಟಿವಿಯ ಬೇಬ್ಲೇಡ್ ಕಾರ್ಟೂನು ನೋಡಿ ಮಗು ಅದರಲ್ಲಿನ ಕಾದಾಡುವ ಬುಗುರಿ ಬೇಕೆಂದು ಹಠ ಹಿಡಿಯುವುದು ಸಹಜ. ಆ ಕಾರ್ಟೂನು ಮಾಡಿದ್ದೇ ಬುಗುರಿ ಮಾರಲಿಕ್ಕೆ: ಜಪಾನಿನ ಟಕಾರಾ ಕಂಪನಿ ಆಟಿಕೆ ತಂದದ್ದು 1999ರಲ್ಲಿ, ಧಾರಾವಾಹಿ ಬಂದದ್ದು 2001ರಲ್ಲಿ. ಅಮೆರಿಕದ ಹೀ-ಮ್ಯಾನ್ ಕೂಡ ಹಾಗೆಯೇ, 1982ಕ್ಕೆ ಗೊಂಬೆ, 1983ಕ್ಕೆ ಕಾರ್ಟೂನು. ಆದ್ದರಿಂದ ಮೊದಲು ಮಗುವಿನ ಜೊತೆ ಕೂತು ಒಂದು ಕಂತು ನೋಡಿ. ಯಾವ ಸರಣಿ, ಯಾವ ಬುಗುರಿ ಎಂದು ಬರೆದುಕೊಳ್ಳಿ. ಮೆಟಲ್, ಬರ್ಸ್ಟ್, ಎಕ್ಸ್ ಸರಣಿಗಳ ಭಾಗಗಳು ಒಂದಕ್ಕೊಂದು ಕೂರುವುದಿಲ್ಲ.

ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಸುತ್ತ ಆಟಿಕೆ ಅಂಗಡಿಗಳು ಸಾಲುಗಟ್ಟುತ್ತವೆ. ಅಲ್ಲಿ ಕೊಂಡರೂ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕೊಂಡರೂ ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಹುಡುಕಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಗುರುತಿನ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದೆಂದು ಗೊತ್ತಾಗುತ್ತದೆ. ಬಿಡಿಯಾಗಿ ಸಿಗುವ ಅಗ್ಗದ ಬುಗುರಿಯ ಲೋಹದ ಅಂಚನ್ನು ಬೆರಳಿನಿಂದ ಸವರಿ ನೋಡಿ, ಚೂಪಿದ್ದರೆ ಬೇಡ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ಭಾಗಗಳು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಮನೆಗೆ ತಂದ ಬುಗುರಿ, ಅದನ್ನು ತಿರುಗಿಸಿ ಬಿಡುವ ಲಾಂಚರಿಗೆ ಕೂರದಿದ್ದರೆ ತಿರುಗುವ ದಿಕ್ಕು ನೋಡಿ. ಹೆಚ್ಚಿನವು ಬಲಕ್ಕೆ ತಿರುಗುತ್ತವೆ. ಲೈಟ್ನಿಂಗ್ ಎಲ್-ಡ್ರಾಗೊದಂಥವು ಎಡಕ್ಕೆ, ಅವಕ್ಕೆ ಎಡದ ಲಾಂಚರೇ ಬೇಕು. ಅಂಗಡಿಯಲ್ಲೇ ಸಿಕ್ಕಿಸಿ ತೋರಿಸಲು ಹೇಳಿ.

ತುದಿಯ ಆಕಾರವನ್ನೂ ಗಮನಿಸಿ. ಚಪ್ಪಟೆ ತುದಿಯದು ಓಡಾಡಿ ಗುದ್ದುತ್ತದೆ, ಬೇಗ ಸುಸ್ತಾಗುತ್ತದೆ. ಚೂಪು ತುದಿಯದು ನಿಂತಲ್ಲೇ ಹೆಚ್ಚು ಹೊತ್ತು ತಿರುಗುತ್ತದೆ. ಮೊದಲ ಬುಗುರಿಗೆ ಚೂಪು ತುದಿಯೇ ವಾಸಿ. ಚಿಕ್ಕ ಕೈಗೂ ಸುಲಭವಾಗಿ ಒಗ್ಗುತ್ತದೆ. ಜಗುಲಿಯ ಸಿಮೆಂಟಿನ ಮೇಲೆ ಆಡಿದರೆ ತುದಿ ಸವೆಯುತ್ತದೆ, ಮೇಲಾಗಿ ಎರಡು ಬುಗುರಿ ಎದುರಾಗುವುದೂ ಇಲ್ಲ. ನಡುವೆ ತಗ್ಗಿರುವ ಆಟದ ತಟ್ಟೆ, ಅಂದರೆ ಸ್ಟೇಡಿಯಂ, ಇದ್ದರೆ ಮಾತ್ರ ಕಾದಾಟ ಸಾಧ್ಯ, ಹಾಗಾಗಿ ಎರಡನೇ ಬುಗುರಿಗಿಂತ ಮೊದಲು ಅದನ್ನು ಕೊಡಿಸಿ.

ಬರ್ಸ್ಟ್ ಬುಗುರಿ ಎರಡೇ ಏಟಿಗೆ ಬಿಚ್ಚಿಕೊಂಡರೆ ಮೇಲಿನ ಪದರದ ಒಳಹಲ್ಲುಗಳು ಸವೆದಿರಬಹುದು. ಪ್ರತಿ ಏಟಿಗೂ ಪದರ ಒಂದೊಂದು ಹಲ್ಲು ಜಾರಿ ಕೊನೆಗೆ ಕಳಚಿಕೊಳ್ಳುತ್ತದೆ. ಹಲ್ಲು ಸವೆದಷ್ಟೂ ಜಾರುವುದು ಸಲೀಸು. ಅಂಟು ಹಾಕಬೇಡಿ, ಆಟದ ಸೊಗಸೇ ಆ ಬಿಚ್ಚುವಿಕೆಯಲ್ಲಿದೆ. ಪದರ ಬದಲಿಸಿ.

ಬಿಡುವಾಗ ಲಾಂಚರನ್ನು ಸ್ಟೇಡಿಯಂ ಮೇಲೆ ಮಟ್ಟಸವಾಗಿ ಹಿಡಿದು, ಮುಖ ಹಿಂದಿಟ್ಟು, ಲಾಂಚರಿಗೆ ತೂರಿಸಿದ ಹಲ್ಲಿನ ಪಟ್ಟಿಯನ್ನು ನೇರ ಎಳೆಯಬೇಕು. ಓರೆ ಎಳೆದರೆ ಪಟ್ಟಿಯ ಹಲ್ಲು ಕಿತ್ತು, ಒಳಗಿನ ಗಾಲಿಯೂ ಹಾಳಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತುದಿಯೊಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿಯಬಹುದು. ಆಟ ಮುಗಿದ ಮೇಲೆ ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಡಬ್ಬಿಯಲ್ಲಿಡಿ.