ರೆಕಾರ್ಡಿಂಗ್ ನಡುವೆ ‘ಚಟ್’: ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಸರಿಮಾಡಿದ ನನ್ನ ಅನುಭವ

ಅಕ್ಕ ಹಾಡುತ್ತಿದ್ದಳು. ಮೂರನೇ ಟೇಕ್, ತುಂಬ ಚೆನ್ನಾಗಿ ಬರ್ತಾ ಇತ್ತು. ಚರಣದ ಕೊನೆಯಲ್ಲಿ ಉದ್ದಕ್ಕೆ ಎಳೆಯುವ ಒಂದು ಸ್ವರ ಇದೆ. ಸರಿಯಾಗಿ ಅಲ್ಲೇ ಹೆಡ್‌ಫೋನ್‌ನಲ್ಲಿ ‘ಚಟ್’ ಅಂತು. ಅವಳು ಹಾಡು ನಿಲ್ಲಿಸಿ, "ಏನೋ ಅದು? ನಾನೇನಾದ್ರೂ ಮೈಕ್ ಮುಟ್ಟಿಬಿಟ್ನಾ?" ಅಂದಳು. ಅವಳು ಏನೂ ಮುಟ್ಟಿರಲಿಲ್ಲ. ಆ ಪ್ರಶ್ನೆ ಕೇಳಿ ನನಗೆ ತುಂಬ ಬೇಜಾರಾಯಿತು. ಅಷ್ಟು ಮನಸ್ಸಿಟ್ಟು ಹಾಡುವವರು ತಮ್ಮ ಮೇಲೇ ಅನುಮಾನ ಪಡಬಾರದು. ಅವತ್ತೇ ತೀರ್ಮಾನ ಮಾಡಿದೆ, ಇದರ ಬುಡ ಹುಡುಕದೆ ಇನ್ನೊಂದು ಟೇಕ್ ತೆಗೆಯಲ್ಲ ಅಂತ.

ಬುಡ ಸಿಕ್ಕಿತು, ಆದರೆ ಸುಮಾರು ಐದು ವಾರ ಹಿಡಿಯಿತು. ಅಷ್ಟು ದಿನ ಯಾಕೆ ಬೇಕಾಯಿತು ಅನ್ನೋದೇ ಇಲ್ಲಿ ಮುಖ್ಯ ವಿಷಯ. ನನ್ನ ಸಿಸ್ಟಂನಲ್ಲಿ ಇದ್ದದ್ದು ಒಂದು ತೊಂದರೆ ಅಲ್ಲ, ಎರಡು. ಎರಡನ್ನೂ ನಾನು ಒಂದೇ ಅಂದುಕೊಂಡಿದ್ದೆ. ಒಂದನ್ನು ಸರಿಮಾಡಿದಾಗ ಇನ್ನೊಂದು ಇನ್ನೂ ಉಳಿದಿರುತ್ತಿತ್ತು. ‘ಓ, ಇದಲ್ಲ ಕಾರಣ’ ಅಂದುಕೊಂಡು, ಸರಿಮಾಡಿದ್ದನ್ನು ನಾನೇ ಮೊದಲಿನ ಹಾಗೆ ವಾಪಸ್ ಹಾಕುತ್ತಿದ್ದೆ.

ನನ್ನ ಸೆಟಪ್ ಹೇಳಿಬಿಡುತ್ತೇನೆ. ವಿಂಡೋಸ್ 11 ಇರುವ ಡೆಸ್ಕ್‌ಟಾಪ್. ಎರಡು ಮೈಕ್ ಹಾಕಬಹುದಾದ, ಮೈಕಿನ ಸದ್ದನ್ನು ಕಂಪ್ಯೂಟರಿಗೂ ಅಲ್ಲಿಂದ ಹೆಡ್‌ಫೋನಿಗೂ ದಾಟಿಸುವ ಚಿಕ್ಕ ಇಂಟರ್‌ಫೇಸ್, ಅದಕ್ಕೆ ಬೇರೆ ಅಡಾಪ್ಟರ್ ಇಲ್ಲ, ಕರೆಂಟು ಯುಎಸ್‌ಬಿಯಿಂದಲೇ. ರೆಕಾರ್ಡಿಂಗ್ ಮಾಡುವ ಸಾಫ್ಟ್‌ವೇರ್ ರೀಪರ್. ಇಂಟರ್‌ಫೇಸ್ ಜೊತೆ ಬಂದ ಎಎಸ್‌ಐಒ ಡ್ರೈವರ್, ಅಂದರೆ ಸದ್ದನ್ನು ಹೆಚ್ಚು ತಡವಿಲ್ಲದೆ ದಾಟಿಸುವ ಡ್ರೈವರ್. 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು), ಬಫರ್ 128.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಬಫರ್ ಜಾಸ್ತಿ ಮಾಡಿದೆ. ಬಫರ್ ಅಂದರೆ ಕಂಪ್ಯೂಟರಿಗೆ ನಾವು ಕೊಡುವ ಗಡುವು, ಅಷ್ಟೇ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ತುಂಡು ಸದ್ದು ತಯಾರಾಗಿ ಇಂಟರ್‌ಫೇಸಿಗೆ ತಲುಪಬೇಕು. ತಲುಪದಿದ್ದರೆ ಆ ಜಾಗ ಖಾಲಿ, ಕಿವಿಗೆ ‘ಚಟ್’. 512 ಮಾಡಿದರೆ ಗಡುವು 10.7 ಮಿಲಿಸೆಕೆಂಡ್ ಆಗುತ್ತದೆ, 1024ಕ್ಕೆ 21.3. ಇದು ಒಂದು ಕಡೆಯ ಲೆಕ್ಕ ಮಾತ್ರ. ಮೈಕಿನಿಂದ ಒಳಗೆ ಹೋಗಿ ಹೆಡ್‌ಫೋನಿಗೆ ವಾಪಸ್ ಬರುವಷ್ಟರಲ್ಲಿ ಎರಡರಷ್ಟಕ್ಕಿಂತ ಜಾಸ್ತಿಯೇ ಆಗುತ್ತದೆ. 1024 ಇಟ್ಟಾಗ ಅಕ್ಕನಿಗೆ ತನ್ನ ದನಿ ಯಾರೋ ಹಿಂದೆ ನಿಂತು ಹಾಡಿದ ಹಾಗೆ ಕೇಳಿಸಿ, ತಾಳವೇ ತಪ್ಪಿತು.

512ಕ್ಕೆ ಏರಿಸಿದಾಗ ಸದ್ದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನಾನು ಅಷ್ಟನ್ನೇ ಬರೆದುಕೊಂಡೆ, ‘ಕಡಿಮೆ ಆಯಿತು’ ಅಂತ. ನಿಜಕ್ಕೂ ಆಗಿದ್ದು ಬೇರೆ. ಚಿಕ್ಕ ‘ಚಟ್’ಗಳು ಬಹುಪಾಲು ನಿಂತಿದ್ದವು. ಇನ್ನೊಂದು ಥರದ್ದು, ಒಂದೆರಡು ಸೆಕೆಂಡು ಎಲ್ಲವೂ ಮೌನವಾಗಿ ಮತ್ತೆ ಬರುವಂಥದ್ದು, ಮೊದಲು ಎಷ್ಟಿತ್ತೋ ಅಷ್ಟೇ ಉಳಿದಿತ್ತು. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದ್ದರೆ ಅವತ್ತೇ ಅರ್ಧ ಕೆಲಸ ಮುಗಿಯುತ್ತಿತ್ತು.

ಆಮೇಲೆ ಏನೇನೋ ಮಾಡಿದೆ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್ ಮಾಡಿದೆ, ಆಂಟಿವೈರಸ್ ನಿಲ್ಲಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ, 44.1ಕ್ಕೆ ಇಳಿಸಿ ನೋಡಿದೆ. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ ಅಂತ ಯಾರನ್ನು ಕೇಳಿದರೂ ಮೊದಲು ಹೇಳುತ್ತಾರೆ, ಅದನ್ನೂ ಮಾಡಿದೆ. ಮಾಡಿಟ್ಟರೆ ನಷ್ಟ ಇಲ್ಲ. ಆದರೆ ಅದು ಕೆಲಸವಿಲ್ಲದೆ ಸುಮ್ನೆ ಕೂತ ಡಿವೈಸನ್ನು ಮಲಗಿಸುವ ವ್ಯವಸ್ಥೆ. ಸದ್ದು ಹರಿಯುತ್ತಿರುವಾಗ ನಡುವೆ ಬರುವ ‘ಚಟ್’ಗೆ ಅದನ್ನು ದೂರುವುದು ನನಗೆ ಅಷ್ಟು ಸರಿ ಅನ್ನಿಸಲ್ಲ.

ಕಿವಿಯನ್ನು ನಂಬಿ ಸಾಕಾಯಿತು. ಕಣ್ಣಿಗೆ ಕಾಣುವ ಹಾಗೆ ಒಂದು ಪರೀಕ್ಷೆ ಬೇಕಿತ್ತು. ಬಫರನ್ನು ಮತ್ತೆ 128ಕ್ಕೆ ಇಳಿಸಿ, ಅದನ್ನು ಹೀಗೆ ಮಾಡಿದೆ. ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಅದರದೇ ಲೈನ್ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿದೆ. ಒಂದು ಟ್ರ್ಯಾಕ್‌ನಲ್ಲಿ ಟೋನ್ ಜನರೇಟರ್, ಇನ್ನೊಂದರಲ್ಲಿ ಅದೇ ಸದ್ದಿನ ರೆಕಾರ್ಡಿಂಗ್. ರೆಕಾರ್ಡ್ ಆಗುವ ಟ್ರ್ಯಾಕಿನ ಮಾನಿಟರಿಂಗ್ ಆಫ್ ಇರಲೇಬೇಕು, ಇಲ್ಲದಿದ್ದರೆ ಸದ್ದು ಸುತ್ತಿ ಸುತ್ತಿ ಬಂದು ಕಿರುಚುತ್ತದೆ. ಸ್ಪೀಕರ್ ಪೂರ್ತಿ ಇಳಿಸಿಡಿ. ಕಂಡೆನ್ಸರ್ ಮೈಕಿಗೆ ಕರೆಂಟು ಕೊಡುವ 48 ವೋಲ್ಟ್ ಗುಂಡಿಯೂ ಆಫ್ ಇರಲಿ.

ಟೋನ್ ಎಷ್ಟು ಹರ್ಟ್ಸ್ ಇಡುತ್ತೀರಿ ಅನ್ನೋದು ಇಲ್ಲಿ ಮುಖ್ಯ. ನಾನು ಮೊದಲು 1000 ಇಟ್ಟಿದ್ದೆ. 48 ಕಿಲೋಹರ್ಟ್ಸ್‌ನಲ್ಲಿ 1000 ಹರ್ಟ್ಸಿನ ಒಂದು ಅಲೆಗೆ ಸರಿಯಾಗಿ 48 ಸ್ಯಾಂಪಲ್, ಅಂದರೆ ಒಂದು ಮಿಲಿಸೆಕೆಂಡ್. ಈಗ ನಡುವೆ ಒಂದು ಮಿಲಿಸೆಕೆಂಡಿನಷ್ಟು ಸದ್ದು ಬಿಟ್ಟುಹೋಯಿತು ಅಂದುಕೊಳ್ಳಿ. ಒಂದು ಪೂರ್ತಿ ಅಲೆ ಮಾಯವಾಗಿ ಆ ಕಡೆ ಈ ಕಡೆಯ ತುದಿಗಳು ಅಂದವಾಗಿ ಕೂಡಿಕೊಳ್ಳುತ್ತವೆ, ಏನೂ ಆಗಿಲ್ಲ ಅನ್ನೋ ಹಾಗೆ. 440 ಇಟ್ಟರೆ ಹಾಗಾಗಲ್ಲ. ಅಷ್ಟೇ ಸ್ಯಾಂಪಲ್ ಹೋದರೂ ಅಲೆ ಅರ್ಧದಲ್ಲಿ ಮುರಿದು ಕಾಣುತ್ತದೆ.

ಇಪ್ಪತ್ತು ನಿಮಿಷದ ರೆಕಾರ್ಡಿಂಗ್‌ನಲ್ಲಿ ಮುರಿದ ಜಾಗ ಹುಡುಕೋದು ಹೇಗೆ? ಝೂಮ್ ಮಾಡಿ ಸರಿಸುತ್ತಾ ಹೋದರೆ ಕಣ್ಣು ಬಿದ್ದುಹೋಗುತ್ತದೆ. ನಾನು ಆ ಟ್ರ್ಯಾಕ್‌ಗೆ ಒಂದು ಈಕ್ವಲೈಜರ್ ಹಾಕಿ, 440 ಹರ್ಟ್ಸನ್ನು ಮಾತ್ರ ನಾಚ್ ಫಿಲ್ಟರಿನಿಂದ ಕತ್ತರಿಸಿ ರೆಂಡರ್ ಮಾಡಿದೆ, ಅಂದರೆ ಹೊಸ ಫೈಲಾಗಿ ತೆಗೆದೆ. ಟೋನ್ ಹೆಚ್ಚುಕಮ್ಮಿ ಪೂರ್ತಿ ಅಳಿಸಿಹೋಯಿತು. ಅಲೆ ಮುರಿದ ಕಡೆಯಲ್ಲೆಲ್ಲ ಸದ್ದು ಬೇರೆ ಫ್ರೀಕ್ವೆನ್ಸಿಗಳಿಗೂ ಚೆಲ್ಲಿಕೊಳ್ಳುತ್ತದಲ್ವಾ, ಅದು ಮಾತ್ರ ಉಳಿಯಿತು. ಚಪ್ಪಟೆ ಗೆರೆ, ಅದರ ಮೇಲೆ ಅಲ್ಲಲ್ಲಿ ಸೂಜಿ ನೆಟ್ಟ ಹಾಗೆ ಒಂದೊಂದು ಮೊನೆ. ಅದನ್ನು ನೋಡಿದಾಗ ಆದ ಖುಷಿ ದೊಡ್ಡದು. ಇಷ್ಟು ದಿನ ‘ಹಿಂಗೆ ಏನೋ ಆಗುತ್ತೆ’ ಅನ್ನುತ್ತಿದ್ದದ್ದು ಈಗ ಎಣಿಸಬಹುದಾದ ವಸ್ತುವಾಯಿತು. ಇಪ್ಪತ್ತು ನಿಮಿಷಕ್ಕೆ ಹನ್ನೊಂದು.

ಒಂದೊಂದು ಮೊನೆಯ ಜಾಗಕ್ಕೂ ಹೋಗಿ ಮೂಲ ಟ್ರ್ಯಾಕನ್ನು ಹಿಗ್ಗಿಸಿ ನೋಡಿದೆ. ಒಂಬತ್ತು ಕಡೆ ಒಂದೇ ಚಿತ್ರ: ಅಲೆ ಮೇಲೇರುತ್ತಾ ಇದ್ದದ್ದು ತಟ್ಟನೆ ಸೊನ್ನೆಗೆ ಬೀಳುತ್ತದೆ, ಸ್ವಲ್ಪ ದೂರ ನೇರ ಗೆರೆ, ಮತ್ತೆ ಬೇರೆಲ್ಲಿಂದಲೋ ಅಲೆ ಶುರು. ಆ ನೇರ ಗೆರೆಯನ್ನು ಅಳೆದರೆ 128 ಸ್ಯಾಂಪಲ್. ನನ್ನ ಬಫರ್ ಎಷ್ಟೋ ಅಷ್ಟೇ. ಅಂದರೆ ಕಂಪ್ಯೂಟರ್ ಒಂದು ಗಡುವು ತಪ್ಪಿಸಿದೆ. ಉಳಿದ ಎರಡು ಕಡೆ ಚಿತ್ರವೇ ಬೇರೆ. ಸೆಕೆಂಡಿಗಿಂತ ಉದ್ದದ ಖಾಲಿ ಜಾಗ, ಒಂದರ ಅಳತೆ ಇನ್ನೊಂದಕ್ಕೆ ಹೊಂದಲ್ಲ. ಇದು ಗಡುವು ತಪ್ಪಿದ್ದಲ್ಲ, ಇಂಟರ್‌ಫೇಸೇ ಕೈಬಿಟ್ಟುಹೋಗಿದ್ದು. ಎರಡು ಬೇರೆ ರೋಗ ಇರಬಹುದು ಅನ್ನಿಸಿದ್ದು ಆಗಲೇ.

ಚಿಕ್ಕದನ್ನು ಮೊದಲು ಹಿಡಿದೆ. ಲೇಟೆನ್ಸಿಮಾನ್ ಅನ್ನೋ ಪ್ರೋಗ್ರಾಂ ಇದೆ. ಯಾವ ಡ್ರೈವರ್ ಪ್ರೊಸೆಸರನ್ನು ಎಷ್ಟು ಹೊತ್ತು ತನ್ನ ಹತ್ತಿರವೇ ಇಟ್ಟುಕೊಂಡಿತು ಅಂತ ಅಳೆಯುತ್ತದೆ. ವಿಂಡೋಸ್‌ನಲ್ಲಿ ಡ್ರೈವರ್‌ಗಳು ಡಿಪಿಸಿ ಅನ್ನೋ ತುರ್ತು ಕೆಲಸ ಮಾಡುವಾಗ ಆ ಕೋರಿನಲ್ಲಿ ಸಾಮಾನ್ಯ ಪ್ರೋಗ್ರಾಂಗಳೆಲ್ಲ ಕಾಯಬೇಕು, ರೀಪರ್ ಕೂಡ. ಪ್ರೊಸೆಸರ್ ಎಷ್ಟೇ ಜೋರಿದ್ದರೂ ಅಷ್ಟೇ. ಹಾಗಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 8 ಪರ್ಸೆಂಟ್ ತೋರಿಸುತ್ತಿದ್ದರೂ ಸದ್ದು ಒಡೆಯಬಹುದು. ಅರ್ಧ ಗಂಟೆ ಓಡಿಸಿದೆ. ಡ್ರೈವರ್ಸ್ ಅನ್ನೋ ಟ್ಯಾಬ್‌ನಲ್ಲಿ ಎಲ್ಲಕ್ಕಿಂತ ಮೇಲೆ ಎನ್‌ಡಿಐಎಸ್ ಡಾಟ್ ಸಿಸ್, ಅತಿ ಹೆಚ್ಚು ಹಿಡಿದಿಟ್ಟ ಸಮಯ 3 ಮಿಲಿಸೆಕೆಂಡ್ ದಾಟಿತ್ತು. ನನ್ನ ಗಡುವು 2.7. ಲೆಕ್ಕ ಅಲ್ಲೇ ಇದೆ ನೋಡಿ.

ಎನ್‌ಡಿಐಎಸ್ ಅಂದರೆ ವಿಂಡೋಸ್‌ನ ನೆಟ್‌ವರ್ಕ್ ಪದರ. ಅದರ ಹೆಸರು ಬಂದರೆ ಅದರ ಕೆಳಗೆ ಕೂತಿರುವ ನೆಟ್‌ವರ್ಕ್ ಡ್ರೈವರ್‌ಗಳನ್ನು ನೋಡಬೇಕು. ಡಿವೈಸ್ ಮ್ಯಾನೇಜರ್‌ಗೆ ಹೋಗಿ ವೈಫೈ ಅಡಾಪ್ಟರನ್ನು ಡಿಸೇಬಲ್ ಮಾಡಿದೆ. ಅದೇ ಅರ್ಧ ಗಂಟೆ, ಈ ಸಲ ಅತಿ ಹೆಚ್ಚು 0.3. ಸಮಸ್ಯೆ ಮುಗೀತು ಅಂದುಕೊಂಡು ಅಕ್ಕನಿಗೆ ಫೋನ್ ಮಾಡಿ ಬರಹೇಳಿದೆ. ಅವಳು ಬಂದು ಎರಡನೇ ಹಾಡಿಗೆ ಎರಡು ಸೆಕೆಂಡ್ ಮೌನ. ನನಗೆ ಎಷ್ಟು ನಿರಾಸೆ ಆಯಿತೆಂದರೆ, ಎರಡು ರೋಗದ ಅನುಮಾನ ಇದ್ದೂ, ‘ವೈಫೈ ಅಲ್ಲ’ ಅಂತ ಆ ರಾತ್ರಿಯೇ ಅದನ್ನು ಮತ್ತೆ ಆನ್ ಮಾಡಿಬಿಟ್ಟೆ. ಎರಡು ವಾರ ಹೋಗಿದ್ದು ಅಲ್ಲಿ.

ಆ ಉದ್ದದ ಮೌನಕ್ಕೆ ಒಂದು ಸುಳಿವು ಮುಂಚಿನಿಂದಲೂ ಕಣ್ಣ ಮುಂದೆಯೇ ಇತ್ತು. ಗಿಟಾರ್ ನೇರವಾಗಿ ಹಾಕಿ ರೆಕಾರ್ಡ್ ಮಾಡಿದ ದಿನ ಅದು ಬರುತ್ತಿರಲಿಲ್ಲ. ಕಂಡೆನ್ಸರ್ ಮೈಕ್ ಹಾಕಿದ ದಿನ ಬರುತ್ತಿತ್ತು. ಮೊದಲು ಮಾಡಿದ ಟೋನ್ ಪರೀಕ್ಷೆಯಲ್ಲಿ 48 ವೋಲ್ಟ್ ಆಫ್ ಇದ್ದೂ ಎರಡು ಸಲ ಬಂತಲ್ಲ ಅಂತ ನಾನು ಇದನ್ನು ಗಂಭೀರವಾಗಿ ತಗೊಂಡಿರಲಿಲ್ಲ. ಒಂದು ಸಂಜೆ ಡಿವೈಸ್ ಮ್ಯಾನೇಜರ್ ತೆರೆದಿಟ್ಟು, 48 ವೋಲ್ಟ್ ಒತ್ತಿ, ಸುಮ್ನೆ ನೋಡುತ್ತಾ ಕೂತೆ. ಯುಎಸ್‌ಬಿ ಕೇಬಲ್ ಇಂಟರ್‌ಫೇಸಿಗೆ ಸೇರುವ ಕಡೆ ಬೆರಳಿಟ್ಟು ಮೆಲ್ಲಗೆ ಒಂದು ಪಕ್ಕಕ್ಕೆ ಒತ್ತಿದೆ. ಪಟ್ಟಿ ಪೂರ್ತಿ ಒಮ್ಮೆ ಮಿನುಗಿತು. ಇಂಟರ್‌ಫೇಸಿನ ಯುಎಸ್‌ಬಿ ದೀಪ ಆರಿ ಹತ್ತಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಡಿವೈಸ್ ಹೋದಾಗ ಬಂದಾಗ ವಿಂಡೋಸ್ ಒಂದು ಸದ್ದು ಮಾಡುತ್ತದಲ್ಲ, ರೆಕಾರ್ಡಿಂಗ್‌ಗೆ ಅಡ್ಡ ಬರಬಾರದು ಅಂತ ನಾನು ಸಿಸ್ಟಂ ಸದ್ದುಗಳನ್ನೆಲ್ಲ ಆಫ್ ಮಾಡಿಟ್ಟಿದ್ದೆ. ಹಾಗಾಗಿ ಇದು ಗೊತ್ತೇ ಆಗಿರಲಿಲ್ಲ.

ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ‘ಡಿವೈಸಸ್ ಬೈ ಕನೆಕ್ಷನ್’ ಅಂತಿದೆ, ಅದನ್ನು ಒಮ್ಮೆ ನೋಡಿ. ಯಾವುದು ಯಾವುದರ ಬೆನ್ನಿಗೆ ಕೂತಿದೆ ಅಂತ ಮರದ ಕೊಂಬೆಗಳ ಹಾಗೆ ತೋರಿಸುತ್ತದೆ. ನನ್ನ ಇಂಟರ್‌ಫೇಸ್ ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿನಲ್ಲಿತ್ತು. ಅದು ಒಂದು ಹಬ್ ಮೂಲಕ ಹೋಗುತ್ತಿತ್ತು, ಅದೇ ಹಬ್ಬಿನಲ್ಲಿ ವೆಬ್‌ಕ್ಯಾಮ್ ಮತ್ತು ಚಾರ್ಜಿಗೆ ಹಾಕಿದ ಫೋನ್. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್. ಮೈಕಿಗೆ ಬೇಕಾದ 48 ವೋಲ್ಟನ್ನು ಇಂಟರ್‌ಫೇಸ್ ಆ 5 ವೋಲ್ಟಿನಿಂದಲೇ ಏರಿಸಿಕೊಳ್ಳಬೇಕು. ಮೂರು ಮೀಟರಿನ ತೆಳು ಕೇಬಲ್, ಅದರ ಪ್ಲಗ್ ಸಡಿಲ, ಅದರ ಮೇಲೆ ಈ ಹೊರೆ. ಹೊರೆ ಇಲ್ಲದಿದ್ದಾಗ ಅಪರೂಪಕ್ಕೆ, ಹೊರೆ ಬಿದ್ದಾಗ ಪದೇ ಪದೇ ಕೈಕೊಡುತ್ತಿತ್ತು.

ಆ ಕೇಬಲ್ ಮೇಲೆ ನನಗೆ ಅನುಮಾನ ಬರದಿರಲು ಕಾರಣ ಇತ್ತು. ಅದರಲ್ಲೇ ಹಾರ್ಡ್ ಡಿಸ್ಕ್ ಹಾಕಿ ದೊಡ್ಡ ದೊಡ್ಡ ಫೈಲ್ ಕಾಪಿ ಮಾಡಿದ್ದೆ, ಒಂದೂ ಕೆಟ್ಟಿರಲಿಲ್ಲ. ಆದರೆ ಫೈಲ್ ಕಾಪಿಗೂ ಆಡಿಯೊಗೂ ಯುಎಸ್‌ಬಿಯಲ್ಲಿ ದಾರಿ ಬೇರೆ. ಫೈಲಿನ ಒಂದು ತುಂಡು ಕೆಟ್ಟು ಬಂದರೆ ಅದನ್ನು ಮತ್ತೆ ಕಳಿಸಲಾಗುತ್ತದೆ, ನಮಗೆ ಗೊತ್ತೂ ಆಗಲ್ಲ. ಆಡಿಯೊ ಹೋಗುವುದು ಐಸೋಕ್ರೋನಸ್ ಅನ್ನೋ ಕ್ರಮದಲ್ಲಿ. ಹೈಸ್ಪೀಡ್ ಯುಎಸ್‌ಬಿಯಲ್ಲಿ ಸಮಯವನ್ನು 125 ಮೈಕ್ರೋಸೆಕೆಂಡಿನ ತುಂಡುಗಳಾಗಿ ಹಂಚಿ, ಆಡಿಯೊಗೆ ಅದರಲ್ಲಿ ಜಾಗ ಕಾದಿರಿಸಿರುತ್ತಾರೆ. ಹೊತ್ತಿಗೆ ಸರಿಯಾಗಿ ಹೋಗಬೇಕು, ಕೆಟ್ಟರೆ ಕೆಟ್ಟಿತು, ಮತ್ತೆ ಕಳಿಸುವ ಮಾತೇ ಇಲ್ಲ. ಹಾಡು ನಿಂತು ಕಾಯಲ್ಲವಲ್ಲ. ಹಾಗಾಗಿ ‘ಈ ಕೇಬಲ್ ಚೆನ್ನಾಗಿದೆ, ಕಾಪಿ ಆಗುತ್ತೆ’ ಅನ್ನೋ ಮಾತು ಆಡಿಯೊಗೆ ಸಾಕ್ಷಿ ಅಲ್ಲ.

ಒಂದು ಮೀಟರಿನ ಗಟ್ಟಿ ಕೇಬಲ್ ತಂದೆ. ಹಿಂದುಗಡೆ ಮದರ್‌ಬೋರ್ಡಿನಲ್ಲೇ ಇರುವ ಪೋರ್ಟಿಗೆ ಹಾಕಿದೆ, ಆ ಕೊಂಬೆಯಲ್ಲಿ ಬೇರೇನೂ ಇರದ ಹಾಗೆ ನೋಡಿಕೊಂಡೆ. ಈ ಸಲ ಆತುರ ಮಾಡಲಿಲ್ಲ. ನಾಲ್ಕು ಥರ ಜೋಡಿಸಿ, ಒಂದೊಂದಕ್ಕೆ ಒಂದು ಗಂಟೆ 440 ಹರ್ಟ್ಸ್ ಓಡಿಸಿದೆ. ಕಂಡೆನ್ಸರ್ ಮೈಕನ್ನು ಇನ್ನೊಂದು ಚಾನೆಲ್ಲಿಗೆ ಹಾಕಿ 48 ವೋಲ್ಟ್ ಆನ್ ಇಟ್ಟಿದ್ದೆ. ನನ್ನ ಇಂಟರ್‌ಫೇಸಿನಲ್ಲಿ ಲೈನ್ ಜ್ಯಾಕಿಗೆ ಆ 48 ವೋಲ್ಟ್ ಹೋಗಲ್ಲ, ನಿಮ್ಮದರ ಮ್ಯಾನುಯಲ್ ನೋಡದೆ ಹೀಗೆ ಮಾಡಬೇಡಿ. ಹಳೇ ಕೇಬಲ್, ವೈಫೈ ಆನ್: ಚಿಕ್ಕದು 31, ಉದ್ದದ್ದು 14. ಹಳೇ ಕೇಬಲ್, ವೈಫೈ ಆಫ್: ಚಿಕ್ಕದು ಇಲ್ಲವೇ ಇಲ್ಲ, ಉದ್ದದ್ದು 12. ಹೊಸ ಕೇಬಲ್, ವೈಫೈ ಆನ್: ಚಿಕ್ಕದು 28, ಉದ್ದದ್ದು ಒಂದೂ ಇಲ್ಲ. ಹೊಸ ಕೇಬಲ್, ವೈಫೈ ಆಫ್: ಗೆರೆ ಪೂರ್ತಿ ಚಪ್ಪಟೆ.

ವೈಫೈ ಈಗ ಆಫ್‌ನಲ್ಲೇ ಇದೆ, ನೆಟ್‌ಗೆ ಲ್ಯಾನ್ ಕೇಬಲ್ ಎಳೆದಿದ್ದೇನೆ. ಅದು ಸಾಧ್ಯವಿಲ್ಲದವರು ವೈಫೈ ಡ್ರೈವರನ್ನು ಹೊಸದಕ್ಕೆ ಬದಲಿಸಿ, ಲೇಟೆನ್ಸಿಮಾನ್ ಸಂಖ್ಯೆ ಇಳಿಯುತ್ತಾ ನೋಡಿ. ಇಳಿಯದಿದ್ದರೆ ರೆಕಾರ್ಡಿಂಗ್ ಹೊತ್ತಿಗಾದರೂ ಡಿಸೇಬಲ್ ಮಾಡಿ. ಟಾಸ್ಕ್‌ಬಾರ್‌ನಲ್ಲಿ ಏರೋಪ್ಲೇನ್ ಮೋಡ್ ಒತ್ತಿದರೆ ಸಾಕಾಗಬಹುದು, ಆದರೆ ನಾನು ಡಿವೈಸ್ ಮ್ಯಾನೇಜರ್‌ನಲ್ಲೇ ಆಫ್ ಮಾಡುತ್ತೇನೆ.

ಮಿಕ್ಸಿಂಗ್ ಮಾಡುವಾಗ ಮಾತ್ರ ಬರುವ ಸದ್ದು ಬೇರೆ ವಿಷಯ, ಅದನ್ನು ಇದರ ಜೊತೆ ಕಲಸಬೇಡಿ. ಒಂದೇ ಟ್ರ್ಯಾಕಿನ ಮೇಲೆ ಏಳೆಂಟು ಭಾರದ ಪ್ಲಗಿನ್ (ಸದ್ದನ್ನು ತಿದ್ದುವ ಚಿಕ್ಕ ಪ್ರೋಗ್ರಾಂ) ಸಾಲಾಗಿ ಹಾಕಿದರೆ ಒಂದರ ಕೆಲಸ ಮುಗಿಯದೆ ಇನ್ನೊಂದು ಶುರುವಾಗಲ್ಲ. ಆ ಸಾಲನ್ನು ಹಲವು ಕೋರುಗಳಿಗೆ ಹಂಚುವುದು ಕಷ್ಟ. ಆ ಹೊತ್ತಿಗೆ ಬಫರ್ 1024 ಇಡಿ, ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಸಮೇತ ಸಿದ್ಧ ಸದ್ದಾಗಿ ಉಳಿಸಿಡಿ. ಮೈಕ್ ಮುಂದೆ ಯಾರೂ ಇಲ್ಲದಿರುವಾಗ ತಡವಾದರೆ ಯಾರಿಗೂ ತೊಂದರೆ ಇಲ್ಲ.

ಹಳೇ ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿ ಬೇರೆ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅಕ್ಕ ಕಳೆದ ವಾರ ಬಂದು ಆ ಹಾಡನ್ನು ಮೊದಲಿನಿಂದ ಹಾಡಿದಳು, ಬಫರ್ 128ರಲ್ಲೇ. ಚರಣದ ಆ ಕೊನೆಯ ಸ್ವರ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಕೈಸನ್ನೆಯಲ್ಲೇ ‘ಓಡಲಿ’ ಅಂದಳು. ಮುಂದಿನ ಚರಣಕ್ಕೆ ಹೋದೆವು.