ಇಂಗ್ಲೆಂಡಿನಲ್ಲಿ ಬಸುರಿ: ‘ಅಮ್ಮ ಬಂದಿತ್ತು’ ಅನ್ನುವ ಮುಂಚೆ

ಬೆಂಗಳೂರಿನಿಂದ ಇಲ್ಲಿಗೆ ಬಂದು ಬಸುರಿಯಾದ ಹುಡುಗಿಯರು ಚಿಕನ್‌ಪಾಕ್ಸ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ಮಾಡುತ್ತಿದ್ದಾರೆ. ಈ ತಿಂಗಳಲ್ಲೇ ಇಬ್ಬರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಮಿಡ್‌ವೈಫ್ (ಬಸುರಿಯರನ್ನು ನೋಡಿಕೊಳ್ಳುವ ದಾದಿ) ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್‌ಗೆ ರಕ್ತ ತೆಗೆದುಕೊಳ್ಳುತ್ತಾರೆ. ಚಿಕನ್‌ಪಾಕ್ಸ್ ಆಗಿತ್ತಾ ಅಂತ ಬಾಯಿಮಾತಲ್ಲಿ ಕೇಳುತ್ತಾರೆ. ನಾನು ಹೂಂ ಅಂದೆ. ಬರೆದುಕೊಂಡರು.

16ನೇ ವಾರ. ಗೆಳತಿಯ ಮಗು ಮಧ್ಯಾಹ್ನವೆಲ್ಲ ನನ್ನ ತೊಡೆ ಮೇಲೇ ಇತ್ತು. ಮಾರನೇ ದಿನ ಅದರ ಹೊಟ್ಟೆ ಮೇಲೆ ನೀರುಗುಳ್ಳೆ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮುಂಚೆಯೇ ಇದು ಅಂಟುತ್ತದೆ. ಬಸವನಗುಡಿಗೆ ಫೋನ್ ಮಾಡಿದೆ. "ನಿಂಗೆ ಅಮ್ಮ ಬಂದಿತ್ತಲ್ಲೇ, ಬೇವಿನ ಸೊಪ್ಪು ಹಾಸಿ ಮಲಗಿಸಿದ್ದೆ" ಅಂದರು ಅಮ್ಮ. ನೀರುಗುಳ್ಳೆ ಇತ್ತಾ? "ಇಲ್ಲಮ್ಮ, ಮೈಯೆಲ್ಲ ಕೆಂಪಗೆ ಸಣ್ಣ ಸಣ್ಣಗೆ, ಕೆಮ್ಮು ಬೇರೆ." ಅದು ದಡಾರ! ನಾವು ಎರಡಕ್ಕೂ ಅಮ್ಮ ಅಂತಲೇ ಅನ್ನುತ್ತೇವೆ, ಅಲ್ವಾ?

ರಕ್ತದಲ್ಲಿ ಚಿಕನ್‌ಪಾಕ್ಸ್ ತಡೆಯುವ ಶಕ್ತಿ ಇಲ್ಲ ಅಂತ ರಿಪೋರ್ಟ್ ಬಂತು. ಮಗುವನ್ನು ಎತ್ತಿಕೊಂಡ 7ನೇ ದಿನದಿಂದ ಒಂದು ವಾರ, ವೈರಸ್ ತಡೆಯುವ ಏಸೈಕ್ಲೋವಿರ್ ಮಾತ್ರೆ ನುಂಗಿದೆ. ಗುಳ್ಳೆ ಏಳಲಿಲ್ಲ, ಮಗಳು ಚೆನ್ನಾಗಿದ್ದಾಳೆ. 20 ವಾರದೊಳಗೆ ತಾಯಿಗೆ ಬಂದರೆ ಮಗುವಿನ ಚರ್ಮ, ಕಣ್ಣು, ಕೈಕಾಲು, ಮಿದುಳಿಗೆ ಪೆಟ್ಟಾಗಬಹುದು. ಹಾಗಾಗುವುದು 100ಕ್ಕೆ ಒಂದೆರಡು ಮಕ್ಕಳಿಗೆ. ಆದರೆ ಆ ಒಂದೆರಡರಲ್ಲಿ ನಮ್ಮದೂ ಇದ್ದರೆ ಅಂತ ಎಷ್ಟೋ ರಾತ್ರಿ ಎದ್ದು ಕೂತಿದ್ದೇನೆ.

ಸುಮ್ನೆ ಹೂಂ ಅನ್ನಬೇಡಿ. "ಬೆಂಗಳೂರಿನವಳು, ಸರಿಯಾಗಿ ಗೊತ್ತಿಲ್ಲ, ಐಜಿಜಿ ಟೆಸ್ಟ್ ಮಾಡಿ" ಅಂತ ಕೇಳಿ. ರಕ್ತದಲ್ಲಿ ತಡೆಯುವ ಶಕ್ತಿ ಇದೆಯಾ ಅಂತ ನೋಡುವ ಟೆಸ್ಟ್ ಅದು. ಬಿಸಿ ನಾಡಿನಿಂದ ಬಂದವರು ಚಿಕನ್‌ಪಾಕ್ಸ್ ಇದ್ದವರ ಹತ್ತಿರ ಹೋಗಿದ್ದರೆ ಈ ಟೆಸ್ಟ್ ಮಾಡಬೇಕು ಅಂತ ಇಲ್ಲಿನ ಡಾಕ್ಟರರೇ ಹೇಳುತ್ತಾರೆ. ಗುಳ್ಳೆ ಇದ್ದವರ ಹತ್ತಿರ ಹೋಗಿದ್ದರೆ ಅವತ್ತೇ ಮಿಡ್‌ವೈಫ್‌ಗೋ ಡಾಕ್ಟರಿಗೋ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಬೇರೆ ಬಸುರಿಯರ ಪಕ್ಕ ಹೋಗಿ ಕೂರಬೇಡಿ.

ಇನ್ನು ರುಬೆಲ್ಲಾ, ಅಂದರೆ ಜರ್ಮನ್ ಮೀಸಲ್ಸ್. ಮೊದಲ 10 ವಾರದಲ್ಲಿ ಬಂದರೆ 100ಕ್ಕೆ 90ರವರೆಗೆ ಮಕ್ಕಳಿಗೆ ಕಿವಿ, ಕಣ್ಣು, ಹೃದಯದ ತೊಂದರೆ. ಇಂಗ್ಲೆಂಡಿನಲ್ಲಿ ಬಸುರಿಯರಿಗೆ ಇದರ ಟೆಸ್ಟ್ 2016ರ ಏಪ್ರಿಲ್‌ನಲ್ಲೇ ನಿಂತಿದೆ. ಇಲ್ಲಿಯವರಿಗೆ ಚಿಕ್ಕಂದಿನಲ್ಲೇ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ಆಗಿರುತ್ತದೆ, ಸರಿ. ನಮ್ಮ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದದ್ದೇ 2017ರಲ್ಲಿ, ಅದೂ 15 ವರ್ಷದೊಳಗಿನವರಿಗೆ. ಇವತ್ತು ತಾಯಿಯಾಗುತ್ತಿರುವ ಎಷ್ಟೋ ಜನ ಇದರಲ್ಲಿ ತಪ್ಪಿಹೋಗಿದ್ದೇವೆ.

ಈ ವಿಷಯದಲ್ಲಿ ನನಗೆ ಬೆಂಗಳೂರೇ ಮೇಲು. ಟೆಸ್ಟ್ ಜಾಸ್ತಿ ಬರೆಯುತ್ತಾರೆ ನಿಜ, ಆದರೆ ಮನೆ ಹತ್ತಿರದ ಲ್ಯಾಬಿಗೆ ನಾವೇ ಹೋಗಿ ರಕ್ತ ಕೊಟ್ಟು ಬರಬಹುದು. ವಿಮಾನ ಹತ್ತುವ ಮುಂಚೆ ಚಿಕನ್‌ಪಾಕ್ಸ್, ರುಬೆಲ್ಲಾ ಎರಡಕ್ಕೂ ಐಜಿಜಿ ನೋಡಿಸಿ. ತಡೆಯುವ ಶಕ್ತಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಿ. ಎರಡೂ ಜೀವಂತ ವೈರಸ್ಸಿನ ಲಸಿಕೆ. ಬಸುರಿಗೆ ಕೊಡುವ ಹಾಗಿಲ್ಲ, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಬಸಿರು ಬೇಡ. ಲಸಿಕೆ ಚೀಟಿಯ ಫೋಟೊ ಫೋನಿನಲ್ಲಿ ಇಟ್ಟುಕೊಂಡೇ ಬನ್ನಿ.